ಜಾಮೀನು ಸಿಕ್ಕಿದೆ, ಶೂರಿಟಿ ಇಲ್ಲ

ನಾವು ಜೈಲಿಗೆ ಹೋಗುವುದು ಪ್ರಾರ್ಥನೆಗೆ. ಒಳಗಿರುವವರು ಕಾಯುವುದು ಪ್ರಾರ್ಥನೆ ಮುಗಿಯುವುದನ್ನು. ಕೊನೆಯ ಹಾಡು ಮುಗಿದು ವಾರ್ಡರ್ ಗಡಿಯಾರ ನೋಡುವ ಹೊತ್ತಿಗೆ ಯಾರಾದರೂ ಮೆಲ್ಲಗೆ ಹತ್ತಿರ ಬರುತ್ತಾರೆ. "ಸಿಸ್ಟರ್, ನಮ್ಮ ಮನೆಗೆ ಒಂದು ಫೋನ್ ಮಾಡ್ತೀರಾ?"

ನಾನು ಸಮಾಜಕಾರ್ಯ ಓದಿದ ಕನ್ಯಾಸ್ತ್ರೀ. ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಸೆರೆಮನೆ ಸೇವಾ ತಂಡದಲ್ಲಿ ಬಹಳ ವರ್ಷದಿಂದ ಇದ್ದೇನೆ. ಆಗಸ್ಟ್ ತಿಂಗಳ ಎರಡನೇ ಭಾನುವಾರ ಭಾರತದ ಚರ್ಚುಗಳಲ್ಲಿ ಕೈದಿಗಳ ಸೇವೆಗೆ ಮೀಸಲು. ಆವತ್ತು ಬಲಿಪೂಜೆ ಮುಗಿದ ಮೇಲೆ ಜನ ಬಂದು ಕೇಳುತ್ತಾರೆ, "ಏನು ಕೊಡೋಣ ಸಿಸ್ಟರ್? ಸೋಪು, ಟವೆಲ್, ಬಿಸ್ಕತ್ತು?" ಕೊಡಿ, ಬೇಡ ಅನ್ನಲ್ಲ. ಆದರೆ ಸೋಪು ಕೊಡುವವರು ಬೇಕಾದಷ್ಟಿದ್ದಾರೆ. ಕೊರತೆ ಇರುವುದು ಬೇರೆ ಕಡೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ಅಪರಾಧ ಸಾಬೀತಾಗಿಲ್ಲ. ಅವರಲ್ಲಿ ಕೆಲವರಿಗೆ ಜಾಮೀನೂ ಸಿಕ್ಕಿರುತ್ತದೆ. ಆದರೂ ಒಳಗೇ ಇರುತ್ತಾರೆ.

ಹೇಗೆ ಅಂತೀರಾ? ರಾಯಚೂರು ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನು, ಬೈಕ್ ಕಳವಿನ ಕೇಸು. ಇಬ್ಬರ ಶೂರಿಟಿ, ಅಂದರೆ ಇವನು ಕೋರ್ಟಿಗೆ ಬರುತ್ತಾನೆ ಅನ್ನುವ ಹೊಣೆ, ಕೊಡಿಸಬೇಕು ಅಂತ ಕೋರ್ಟ್ ಜಾಮೀನು ಕೊಟ್ಟಿತ್ತು. ಆದೇಶವಾಗಿ ನಾಲ್ಕು ತಿಂಗಳಾದರೂ ಹುಡುಗ ಬ್ಯಾರಕ್‌ನಲ್ಲೇ ಇದ್ದ. ಶೂರಿಟಿ ನಿಲ್ಲುವವರು ಪಹಣಿಯನ್ನೋ ಮನೆಯ ಖಾತೆಯನ್ನೋ ತೋರಿಸಬೇಕು. ಆರೋಪಿ ಕೋರ್ಟಿಗೆ ಬಾರದಿದ್ದರೆ ಬಾಂಡಿನ ಹಣ ಅವರ ತಲೆಗೆ. ಬೆಂಗಳೂರಿನಲ್ಲಿ ಅವನಿಗೆ ಅಂಥವರು ಯಾರಿದ್ದಾರೆ? ಊರಲ್ಲಿ ಅಮ್ಮನಿಗೆ ಎರಡು ಎಕರೆ ಇತ್ತು. ಪಹಣಿ ಮಾತ್ರ ತೀರಿಹೋದ ಅಜ್ಜನ ಹೆಸರಲ್ಲೇ ಉಳಿದಿತ್ತು!

ಇದೆಲ್ಲ ಅಮ್ಮನಿಗೂ ಗೊತ್ತಿರಲಿಲ್ಲ. ಅವರಿಗೆ ಫೋನೇ ಇರಲಿಲ್ಲ. ಆ ಊರಿಗೆ ಹತ್ತಿರದ ಧರ್ಮಕೇಂದ್ರದ ಫಾದರ್‌ಗೆ ನಾನು ಫೋನ್ ಮಾಡಿದೆ. ಅವರು ಬೈಕ್ ಹತ್ತಿ ಹೋಗಿ, ಮನೆ ಹುಡುಕಿ, ಜಗಲಿ ಮೇಲೆ ಕೂತು ವಿಷಯ ಬಿಡಿಸಿ ಹೇಳಿದರು. ಸೋದರಮಾವನ ಹೆಸರಲ್ಲಿ ಹೊಲ ಇದೆ ಅನ್ನುವುದು ಆಗ ಗೊತ್ತಾಯಿತು. ಇತ್ತ ಬಡವರಿಗೆ ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಅರ್ಜಿ ಹಾಕಿ, ಇಬ್ಬರ ಬದಲು ಒಬ್ಬರ ಶೂರಿಟಿ ಸಾಕು ಅಂತ ಆದೇಶ ಮಾಡಿಸಿದರು. ಹುಡುಗ ಕ್ರೈಸ್ತನಲ್ಲ. "ಮತಾಂತರಕ್ಕೆ ಹೋಗ್ತೀರಾ?" ಅಂತ ನನ್ನನ್ನು ಕೇಳುವವರಿದ್ದಾರಲ್ಲ, ಅವರಿಗಾಗಿ ಈ ಮಾತು. ಅವನಿಗೆ ಬೇಕಿದ್ದದ್ದು ಮಾವನ ಪಹಣಿ.

ಇಂಥ ಕೆಲಸ ಜೈಲು ಸಿಬ್ಬಂದಿಯ ಕೈಯಲ್ಲಿ ಆಗುವುದಿಲ್ಲ. ಊರೂರಿಗೆ ಹೋಗಿ ಮನೆ ಹುಡುಕಲು ಅವರಿಗೆಲ್ಲಿ ಪುರುಸೊತ್ತು? ಚರ್ಚಿಗೆ ಮಾತ್ರ ಎಲ್ಲಾ ಕಡೆ ಒಬ್ಬರಾದರೂ ಪರಿಚಯದವರು ಸಿಗುತ್ತಾರೆ. ಕೇರಳದಲ್ಲಿ 1981ರಲ್ಲಿ ಫಾದರ್ ಆಗಲು ಓದುವ ಸೆಮಿನರಿ ವಿದ್ಯಾರ್ಥಿಗಳು ಶುರುಮಾಡಿದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಇವತ್ತು ದೇಶದ ಉದ್ದಗಲಕ್ಕೂ ಇದೆ, ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲೇ ಇದೆ. ಅದರ ಪಾಲಕ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ. ನಾಜಿಗಳ ಆಶ್ವಿಟ್ಸ್ ಸೆರೆಶಿಬಿರದಲ್ಲಿ ಗುರುತೂ ಇಲ್ಲದ ಒಬ್ಬನ ಬದಲು ತಾವು ಸಾಯುತ್ತೇನೆ ಅಂತ ಮುಂದೆ ಬಂದರು. 1941ರ ಆಗಸ್ಟ್ 14ರಂದು ತೀರಿಕೊಂಡರು. ಅದೂ ಒಂಥರಾ ಶೂರಿಟಿಯೇ ಅಲ್ವಾ?

ಕಾನೂನು ಇಷ್ಟು ಗೊತ್ತಿದ್ದರೆ ಸಾಕು. ಜಾಮೀನು ಸಿಕ್ಕ 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಇದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆ. ಒಂದು ತಿಂಗಳಾದರೂ ಶೂರಿಟಿ ಸಿಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ತಾನಾಗಿಯೇ ಪರಿಶೀಲಿಸಬಹುದು. ಹಣ ಕಟ್ಟಲಾಗದ ಬಡ ಕೈದಿಗಳಿಗೆ ಕೇಂದ್ರ ಸರ್ಕಾರದ ಯೋಜನೆಯೂ ಇದೆ. 2023ರಲ್ಲಿ ಶುರುವಾದಾಗ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಅಂತ ಇತ್ತು. ಇನ್ನು 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಿಂದೆ ಯಾವ ಕೇಸಿನಲ್ಲೂ ಅಪರಾಧ ಸಾಬೀತಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಕೇಸುಗಳಿಗೆ, ಮೈಮೇಲೆ ಹಲವು ಕೇಸು ಇರುವವರಿಗೆ ಇದು ಸಿಗಲ್ಲ.

ಈಗ ನನ್ನ ತಪ್ಪಿನ ವಿಷಯ. ಹೊಸದರಲ್ಲಿ ಒಬ್ಬಾತ ನಂಬರ್ ಕೊಟ್ಟು, "ಬೇಗ ಬರ್ತೀನಿ ಅಂತ ಹೇಳಿ, ಅಷ್ಟೇ ಸಾಕು" ಅಂದ. ಪಾಪ, ಹೆಂಡತಿಗಿರಬೇಕು ಅಂದುಕೊಂಡೆ. ಸಂಜೆ ಫೋನ್ ಮಾಡಿ ಹಾಗೇ ಹೇಳಿದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಳು. ಅದು ಅವನ ಮೇಲೆ ದೂರು ಕೊಟ್ಟ ಹೆಂಗಸಿನ ನಂಬರ್.

ಆವತ್ತಿನಿಂದ ಜೈಲು ಕಚೇರಿಯಲ್ಲಿ ತೋರಿಸದೆ ನಾವು ಯಾವ ನಂಬರಿಗೂ ಫೋನ್ ಮಾಡುವುದಿಲ್ಲ. ಮಾಡಿದರೂ, ಕ್ಷೇಮವಾಗಿದ್ದಾರೆ, ಮುಲಾಖಾತ್‌ಗೆ ಬನ್ನಿ, ಇಷ್ಟೇ. ಚೀಟಿ ಒಯ್ಯುವುದಿಲ್ಲ, ತರುವುದಿಲ್ಲ. ತಂಡಕ್ಕೆ ಹೊಸಬರು ಬಂದರೆ ಸುಮ್ನೆ ಕರುಣೆ ಇದ್ದರೆ ಸಾಲದು ಅಂತ ಈ ಕಥೆಯನ್ನೇ ಮೊದಲು ಹೇಳುತ್ತೇನೆ. "ನೀನು ಏನು ಮಾಡಿದ್ದೆ?" ಅಂತ ಕೇಳಬಾರದು ಅನ್ನುವುದು ಎರಡನೇ ಪಾಠ.

ಆ ಹುಡುಗ ಹೊರಗೆ ಬಂದಿದ್ದು ರಾತ್ರಿ ಎಂಟರ ಹೊತ್ತಿಗೆ. ಮಾವ ಕೋರ್ಟಿನಲ್ಲಿ ಸಹಿ ಹಾಕಿ ಮಧ್ಯಾಹ್ನವೇ ಊರ ಬಸ್ಸು ಹಿಡಿದಿದ್ದರು. ಹುಡುಗನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಫೋನ್ ಪೊಲೀಸರ ಜಪ್ತಿಯಲ್ಲಿತ್ತು. ನಮ್ಮ ತಂಡದಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದಾರೆ, ಗೇಟಿನ ಹತ್ತಿರ ಕಾದು ನಿಲ್ಲುವ ಕೆಲಸ ಅವರದೇ. ಊಟ ಮಾಡಿಸಿ, ಮೆಜೆಸ್ಟಿಕ್‌ನಲ್ಲಿ ರಾಯಚೂರು ಬಸ್ಸು ಹತ್ತಿಸಿ, ಇಳಿಸುವ ಸ್ಟಾಪ್ ಯಾವುದು ಅಂತ ಕಂಡಕ್ಟರ್‌ಗೆ ಎರಡು ಸಲ ಹೇಳಿ ಬಂದರು. ಮುಂದಿನ ತಿಂಗಳು 9ಕ್ಕೆ ಕೋರ್ಟಿನ ಹಾಜರಿ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಅವನ ಜೇಬಿನಲ್ಲಿಟ್ಟಿದ್ದರು.

8ರ ರಾತ್ರಿ ಮಾವನ ಫೋನಿಗೆ ಮಾಡಿದೆ. "ಆಗ್ಲೇ ಬಸ್ಸಲ್ಲಿ ಕೂತಾನ್ರೀ ಅಕ್ಕಾರ" ಅಂದರು.