ಮಕ್ಕಳು ಕಡಿಮೆ, ಜನ ಮಾತ್ರ ಹೆಚ್ಚು: ಇದು ಹೇಗೆ?

ಪ್ರಶ್ನೆ: ನಮ್ಮ ಉಡುಪಿಯಲ್ಲಿ ಈಗ ಹೆಚ್ಚಿನ ಮನೆಗಳಲ್ಲಿ ಒಂದೋ ಎರಡೋ ಮಕ್ಕಳು. ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಮಾತ್ರ. ಹೀಗಿದ್ದೂ ದೇಶದ ಜನಸಂಖ್ಯೆ ಏರುತ್ತಲೇ ಇರುವುದು ಹೇಗೆ?

ಉತ್ತರ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2.0 ಮಕ್ಕಳು, ಕರ್ನಾಟಕದಲ್ಲಿ 1.7. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಲು ಸುಮಾರು 2.1 ಬೇಕು. ಹಾಗಾದರೆ ಜನ ಕಡಿಮೆಯಾಗಬೇಕಲ್ಲ ಎನ್ನುವ ಅನುಮಾನ ನ್ಯಾಯವೇ.

ಒಂದು ಹಳೆಯ ಮನೆಯನ್ನು ಲೆಕ್ಕಕ್ಕೆ ಹಿಡಿಯೋಣ. ಅಜ್ಜ-ಅಜ್ಜಿಗೆ ಆರು ಮಕ್ಕಳು: ಮೂರು ಗಂಡು, ಮೂರು ಹೆಣ್ಣು. ಹೆಣ್ಣುಮಕ್ಕಳು ಮದುವೆಯಾಗಿ ಹೋದರು, ಮೂವರು ಸೊಸೆಯಂದಿರು ಬಂದರು. ಒಬ್ಬೊಬ್ಬ ಮಗನಿಗೆ ಎರಡೇ ಮಕ್ಕಳು. ಆದರೂ ಹುಟ್ಟಿದ ಮೊಮ್ಮಕ್ಕಳು ಆರು, ತೀರಿಕೊಳ್ಳುವ ವಯಸ್ಸಿನವರು ಇಬ್ಬರು. (ವಂಶ ಹೆಣ್ಣುಮಕ್ಕಳ ಕಡೆಯಿಂದ ಸಾಗುವ ಅಳಿಯಸಂತಾನದ ಮನೆಯಾದರೆ ಮಗಳಂದಿರ ಮಕ್ಕಳನ್ನು ಎಣಿಸಿ, ಉತ್ತರ ಅದೇ.) ಮಗಂದಿರು, ಸೊಸೆಯಂದಿರು ಸೇರಿ ನಡುವಿನ ತಲೆಮಾರಿನ ಆರು ಮಂದಿ ಮುದುಕರಾಗುವವರೆಗೆ ಸಾವಿಗಿಂತ ಜನನವೇ ಹೆಚ್ಚು. ಆಯುಷ್ಯವೂ ಹೆಚ್ಚಿರುವುದರಿಂದ ಆ ಕಾಲ ಇನ್ನಷ್ಟು ಮುಂದೆ ಹೋಗಿದೆ.

ವೇಗ ಇಳಿದರೂ ಸೇರುವವರ ಸಂಖ್ಯೆ ಇಳಿಯಲೇಬೇಕೆಂದಿಲ್ಲ. 1961-71ರಲ್ಲಿ ಭಾರತದ ಬೆಳವಣಿಗೆ ಶೇ. 24.8, ಹೊಸದಾಗಿ ಸೇರಿದವರು ಸುಮಾರು 11 ಕೋಟಿ. 2001-11ರಲ್ಲಿ ವೇಗ ಶೇ. 17.7ಕ್ಕೆ ಇಳಿದಿತ್ತು, ಸೇರಿದವರು 18 ಕೋಟಿ! ಬುಡದ ಸಂಖ್ಯೆಯೇ ದೊಡ್ಡದಾಗಿತ್ತು. ‘ಜನಸಂಖ್ಯಾ ಸ್ಫೋಟ’ ಎಂದು ಈಗಲೂ ಭಾಷಣ ಬಿಗಿಯುವವರು ಸೇರಿದವರ ಅಂಕಿಯನ್ನಷ್ಟೇ ಹೇಳುತ್ತಾರೆ, ವೇಗ ಇಳಿದದ್ದನ್ನಲ್ಲ.

ಚೀನಾದಲ್ಲಿ ಈ ಆಟ ಮುಗಿದಿದೆ. ಅಲ್ಲಿ ಹೆರಿಗೆ ಪ್ರಮಾಣ 2.1ಕ್ಕಿಂತ ಕೆಳಗಿಳಿದದ್ದು 1990ರ ದಶಕದ ಆರಂಭದಲ್ಲಿ. ಜನಸಂಖ್ಯೆ ಇಳಿಯತೊಡಗಿದ್ದು 2022ರಲ್ಲಿ. ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ ಬಳಿಕ ಇಳಿಯಬಹುದೆಂಬುದು ವಿಶ್ವಸಂಸ್ಥೆಯ 2024ರ ಅಂದಾಜು.

ಇನ್ನು ಉಡುಪಿಯ ಖಾಲಿ ಮನೆಗಳು. 2001-11ರಲ್ಲಿ ಈ ಜಿಲ್ಲೆ ಬೆಳೆದದ್ದು ಸುಮಾರು ಶೇ. 6, ರಾಜ್ಯ ಶೇ. 15.6. ಇದಕ್ಕೆ ಚಿಕ್ಕ ಕುಟುಂಬಗಳಷ್ಟೇ ಕಾರಣವಲ್ಲ, ವಲಸೆಯೂ ಕಾರಣ. 2011ರಲ್ಲಿ ಇಲ್ಲಿ 1000 ಗಂಡಸರಿಗೆ 1094 ಹೆಂಗಸರಿದ್ದರು. ದುಡಿಮೆಗೆಂದು ಊರು ಬಿಟ್ಟ ಗಂಡಸರ ಗುರುತು ಅದರಲ್ಲೂ ಇದೆ. ಮುಂಬೈ, ಬೆಂಗಳೂರು ಸೇರಿದವರು ಜಿಲ್ಲೆಯ ಲೆಕ್ಕದಿಂದ ಹೊರಗೆ, ದೇಶದ ಲೆಕ್ಕದಲ್ಲಿ ಒಳಗೇ.