ಬಂಗುಡೆ ಪ್ಯಾಕ್ ಮಾಡಿದ ಹಾಗೆ ಇಂಜೆಕ್ಷನ್ ಪ್ಯಾಕ್ ಮಾಡಬೇಡಿ

ಪ್ರಶ್ನೆ: ನನಗೆ ರುಮಟಾಯ್ಡ್ ಆರ್ಥರೈಟಿಸ್, ಕೀಲುಗಳು ಊದಿ ನೋಯುವ ಸಂಧಿವಾತ. ಹದಿನೈದು ದಿನಕ್ಕೊಮ್ಮೆ ಅಡಾಲಿಮುಮಾಬ್ ಇಂಜೆಕ್ಷನ್ ಚುಚ್ಚಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಮಗಳ ಬಾಣಂತನಕ್ಕೆ ಉಡುಪಿಯಿಂದ ಮುಂಬೈಗೆ ಮತ್ಸ್ಯಗಂಧ ರೈಲಿನಲ್ಲಿ ಹೋಗಬೇಕು. ಎರಡು ತಿಂಗಳು ಅಲ್ಲೇ ಇರುತ್ತೇನೆ. ಫ್ರಿಜ್ಜಿನಲ್ಲಿಡುವ ಈ ಔಷಧಿಯನ್ನು ಹೇಗೆ ಒಯ್ಯಲಿ? ದಾರಿಯಲ್ಲಿ ತಂಪು ಆರಿದರೆ ಎಸೆಯಬೇಕಾ?

ಉತ್ತರ: ಎಸೆಯುವ ಪ್ರಸಂಗ ಬಿಸಿಯಿಂದ ಬರುವುದು ಕಡಿಮೆ. ನಾನು ನೋಡಿದ ಮಟ್ಟಿಗೆ ನಮ್ಮವರು ಈ ಔಷಧಿ ಹಾಳು ಮಾಡಿಕೊಳ್ಳುವುದು ಜಾಸ್ತಿ ಐಸ್ ಹಾಕಿ. ನಾವು ಕರಾವಳಿಯವರು. ಕೆಡಬಾರದ್ದು ಏನಿದ್ದರೂ ಥರ್ಮೊಕೋಲ್ ಡಬ್ಬಿ, ಅದರ ತುಂಬ ಐಸ್, ಮಲ್ಪೆಯಿಂದ ಬಂಗುಡೆ ಕಳಿಸಿದ ಹಾಗೆ. ಮೀನಿಗೆ ಅದು ಸರಿ. ಇಂಜೆಕ್ಷನ್ನಿಗೆ ಅದೇ ಕುತ್ತು.

ನನಗೇ ಆಗಿದೆ. ನಾನೂ ಕೆಲವು ವರ್ಷಗಳಿಂದ ಇದೇ ಜಾತಿಯ ಔಷಧಿ ಚುಚ್ಚಿಕೊಳ್ಳುವವಳು. ಒಂದು ಹೋಟೆಲಿನ ಕೌಂಟರಿನಲ್ಲಿ 'ಇದನ್ನು ಫ್ರಿಜ್ಜಿನಲ್ಲಿಡಿ' ಎಂದು ಕೊಟ್ಟೆ. ಪಾಪ, ಆ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಫ್ರೀಜರಿನಲ್ಲಿಟ್ಟ. ಬೆಳಗ್ಗೆ ನೋಡಿದರೆ ಸಿರಿಂಜ್ ಒಳಗೆ ಗಟ್ಟಿ ಐಸ್. ಸಾವಿರಾರು ರೂಪಾಯಿಯ ಔಷಧಿ ಕಸಕ್ಕೆ ಹೋಯಿತು.

ಕರಗಿದ ಮೇಲೆ ಚುಚ್ಚಿಕೊಂಡರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಅಡಾಲಿಮುಮಾಬ್, ಎಟಾನರ್ಸೆಪ್ಟ್ ಇವೆಲ್ಲ ಪ್ರೋಟೀನ್‌ಗಳು. ಮಾತ್ರೆಯ ಪುಡಿಯ ಹಾಗಲ್ಲ. ಪ್ರೋಟೀನಿಗೆ ಅದರದ್ದೇ ಒಂದು ಮಡಿಕೆ ಇರುತ್ತದೆ, ಆ ಮಡಿಕೆ ಇದ್ದರೆ ಮಾತ್ರ ಕೆಲಸ. ಹೆಪ್ಪುಗಟ್ಟಿದಾಗ ಅದು ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಒಡೆದ ಹಾಲನ್ನು ಮತ್ತೆ ಹಾಲು ಮಾಡಲು ಆಗುತ್ತದಾ? ಹಾಲಾದರೆ ಒಡೆದದ್ದು ಕಣ್ಣಿಗೆ ಕಾಣುತ್ತದೆ. ಇದು ಕರಗಿದ ಮೇಲೂ ತಿಳಿನೀರಿನ ಹಾಗೇ ಕಾಣಬಹುದು. ಹಾಗಾಗಿ ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸಲೇಬಾರದು.

ಈಗ ಬಿಸಿಯ ವಿಷಯ. ಈ ಔಷಧಿಗಳ ಜಾಗ 2ರಿಂದ 8 ಡಿಗ್ರಿ. ಆದರೆ ಹೆಚ್ಚಿನವಕ್ಕೆ ಸ್ವಲ್ಪ ದಿನದ ರಿಯಾಯಿತಿ ಇದೆ. ಅಡಾಲಿಮುಮಾಬ್‌ನ ಮೂಲ ಬ್ರ್ಯಾಂಡ್ ಹುಮಿರಾವನ್ನು 25 ಡಿಗ್ರಿ ದಾಟದಂತೆ, ಬೆಳಕು ಬೀಳದಂತೆ 14 ದಿನದವರೆಗೆ ಹೊರಗಿಡಬಹುದು. ಇದೇ ರೀತಿಯ ಬೇರೆ ಇಂಜೆಕ್ಷನ್‌ಗಳಲ್ಲಿ ಗೋಲಿಮುಮಾಬ್‌ಗೆ 25 ಡಿಗ್ರಿಯೊಳಗೆ 30 ದಿನ. ಸೆಕುಕಿನುಮಾಬ್‌ಗೆ 30 ಡಿಗ್ರಿಯೊಳಗೆ 4 ದಿನ. ನಮ್ಮ ದೇಶದಲ್ಲೇ ತಯಾರಾಗುವ ಅಡಾಲಿಮುಮಾಬ್‌ಗಳೂ ಇವೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬೇಡಿ. ನಿಮ್ಮ ಡಬ್ಬಿಯೊಳಗೆ ಮಡಚಿಟ್ಟ ಕಾಗದ ಇರುತ್ತದಲ್ಲ, ನಾವೆಲ್ಲ ಓದದೆ ಎಸೆಯುವುದು, ಅದನ್ನು ಬಿಡಿಸಿ ಓದಿ. ಅಕ್ಷರ ಸಣ್ಣ, ಮೊಮ್ಮಕ್ಕಳ ಹತ್ತಿರ ಓದಿಸಿ. ಅದರಲ್ಲಿ ಸಿಗದಿದ್ದರೆ ಔಷಧಿ ಅಂಗಡಿಯವರನ್ನು ಕೇಳಿ.

ಒಂದು ಮೋಸ ಇದೆ. ಆ ಕಾಗದದಲ್ಲಿ 'ರೂಮ್ ಟೆಂಪರೇಚರ್' ಎಂದಿದ್ದರೆ ಅದು ನಮ್ಮ ರೂಮಲ್ಲ. ಮೇ ತಿಂಗಳಲ್ಲಿ ಉಡುಪಿಯ ಯಾವ ಮನೆಯಲ್ಲಿ ಫ್ಯಾನ್ ಕೆಳಗೆ 25 ಡಿಗ್ರಿ ಇರುತ್ತದೆ, ಹೇಳಿ? ರಾತ್ರಿ ಕೂಡ ಇರುವುದಿಲ್ಲ. ಹಾಗಾಗಿ 14 ದಿನದ ರಿಯಾಯಿತಿಯನ್ನು ಏಸಿ ಬೋಗಿಯ ಪ್ರಯಾಣಕ್ಕೆ ಧೈರ್ಯ ಕೊಡುವ ಮಾತು ಎಂದಷ್ಟೇ ಇಟ್ಟುಕೊಳ್ಳಿ.

ಹಾಗೆಯೇ ನೀರಿನಲ್ಲಿ ನೆನೆಸಿದರೆ ತಂಪಾಗುವ ಚೀಲಗಳು ಆನ್‌ಲೈನಿನಲ್ಲಿ ಸಿಗುತ್ತವೆ. ನಮ್ಮೂರಿಗೆ ಅವು ಬೇಡ. ಮಣ್ಣಿನ ಹೂಜಿಯ ಲೆಕ್ಕವೇ ಅದು. ನೀರು ಆರಿದಷ್ಟೂ ತಂಪು. ಕಲಬುರಗಿಯ ಒಣ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಗೆದ ಬಟ್ಟೆಯೇ ಸರಿಯಾಗಿ ಒಣಗದ ಊರಿನಲ್ಲಿ ಚೀಲ ಎಲ್ಲಿಂದ ಒಣಗಬೇಕು?

ಪ್ಯಾಕ್ ಮಾಡುವುದಕ್ಕೆ ಜೆಲ್ ಪ್ಯಾಕ್ ಸಾಕು. ಹಿಂದಿನ ದಿನ ಫ್ರೀಜರಿನಲ್ಲಿಡಿ. ತೆಗೆದ ಕೂಡಲೇ ಥರ್ಮೊಕೋಲ್ ಡಬ್ಬಿಗೆ ಹಾಕಬೇಡಿ. ಸುಮ್ನೆ ಮೇಜಿನ ಮೇಲಿಡಿ, ಮೈ ಬೆವರಿ, ಮೆತ್ತಗಾಗಲಿ. ಮಕ್ಕಳಿಗೆ ಲಸಿಕೆ ಹಾಕಲು ಬರುವ ಸಿಸ್ಟರ್‌ಗಳೂ ಹೀಗೇ ಮಾಡುತ್ತಾರೆ. ಐಸ್ ಪ್ಯಾಕ್ ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಬಂದ ಮೇಲೆಯೇ ಲಸಿಕೆಯ ಡಬ್ಬಿಗೆ ಹಾಕುತ್ತಾರೆ. ಆಮೇಲೆ ಜೆಲ್ ಪ್ಯಾಕನ್ನು ಒಂದು ಹಳೆಯ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಸುತ್ತಿ. ಇಂಜೆಕ್ಷನ್ ಅದರದ್ದೇ ರಟ್ಟಿನ ಡಬ್ಬಿಯಲ್ಲಿರಲಿ, ಬೆಳಕು ಬೀಳಬಾರದು. ಅದನ್ನು ಜಿಪ್ ಕವರಿಗೆ ಹಾಕಿ, ಜೆಲ್ಲಿಗೆ ತಾಗದಂತೆ ನಡುವೆ ಇಡಿ. ಉದ್ದ ತಂತಿಯ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದು ಇದ್ದರೆ ಡಬ್ಬಿ ತೆರೆಯದೆಯೇ ಒಳಗೆ ಎಷ್ಟಿದೆ ಎಂದು ನೋಡಬಹುದು. ಹೊರಡುವ ವಾರ ಮೊದಲು ಬರೀ ನೀರಿನ ಬಾಟಲಿ ಇಟ್ಟು ಮನೆಯಲ್ಲೇ ಒಂದು ರಾತ್ರಿ ಪರೀಕ್ಷೆ ಮಾಡಿ. ನಾನು ಹಾಗೆ ಮಾಡಿದಾಗಲೇ ಮೊದಲ ಸಲದ ಪ್ಯಾಕಿಂಗ್ ಸೊನ್ನೆಯ ಹತ್ತಿರ ಇಳಿದದ್ದು ಗೊತ್ತಾದದ್ದು.

ಮತ್ಸ್ಯಗಂಧ ಸಂಜೆ ಹೊತ್ತಿಗೆ ಉಡುಪಿಯ ಇಂದ್ರಾಳಿ ಸ್ಟೇಷನ್ನಿಗೆ ಬಂದು ಮರುದಿನ ಬೆಳಗ್ಗೆ ಮುಂಬೈಯ ಕುರ್ಲಾ ಮುಟ್ಟುತ್ತದೆ. ಒಂದು ರಾತ್ರಿಯ ಮಾತು. ಏಸಿ ಬೋಗಿಯಲ್ಲಿ ಹೋದರೆ ಚಿಂತೆ ಅರ್ಧ ಕಡಿಮೆ. ಡಬ್ಬಿಯನ್ನು ಪದೇ ಪದೇ ತೆರೆದು ನೋಡಬೇಡಿ. ಸ್ಟೇಷನ್ನಿಗೆ ಹೋಗುವಾಗ ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಬಿಸಿಲಿನಲ್ಲಿ ಅದು ಒಲೆ. ವಾಪಸು ಬರುವುದು ಜುಲೈಯಲ್ಲಿ ಅಲ್ವಾ? ಕೊಂಕಣ ರೈಲ್ವೆಗೆ ಆಗ ಮಳೆಗಾಲದ ವೇಳಾಪಟ್ಟಿ, ಗಾಡಿಗಳು ನಿಧಾನ. ಆ ಸಲಕ್ಕೆ ಒಂದು ಜೆಲ್ ಪ್ಯಾಕ್ ಜಾಸ್ತಿ ಇರಲಿ.

ಆದರೆ ಎರಡು ತಿಂಗಳ ನಾಲ್ಕೈದು ಡೋಸನ್ನೂ ಇಲ್ಲಿಂದಲೇ ಹೊರುವುದು ಯಾಕೆ? ಹೊರಡುವ ಹಿಂದಿನ ದಿನ ಒಂದು ಚುಚ್ಚಿಕೊಂಡರೆ ಮುಂದಿನದಕ್ಕೆ ಎರಡು ವಾರ ಸಮಯ ಸಿಗುತ್ತದೆ. ಒಂದೆರಡು ದಿನ ಹಿಂದೆಮುಂದೆ ಮಾಡಬಹುದಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಅದೇ ಬ್ರ್ಯಾಂಡ್ ಮುಂಬೈಯಲ್ಲಿ ಮಗಳ ಮನೆಯ ಹತ್ತಿರ ಸಿಗುತ್ತದಾ ಎಂದು ಮೊದಲೇ ಫೋನ್ ಮಾಡಿಸಿ. ಸಿಕ್ಕಿದರೆ ಒಂದನ್ನು ಮಾತ್ರ ಒಯ್ದರೆ ಸಾಕು. ಡಾಕ್ಟರ್ ಚೀಟಿ ಮಾತ್ರ ಮರೆಯಬೇಡಿ. ಬಜ್ಪೆಯಿಂದ ವಿಮಾನದಲ್ಲಿ ಹೋದರೂ ಅದು ಬೇಕು. ಆಗ ಔಷಧಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಅಲ್ಲಿ ಹೆಪ್ಪುಗಟ್ಟಬಹುದು, ಲಗೇಜ್ ಕಳೆದೂ ಹೋಗಬಹುದು. ಎಕ್ಸ್‌ರೇ ಮೆಷಿನ್ನಿನಿಂದ ಏನೂ ಆಗುವುದಿಲ್ಲ.

ತಂಪು ಆರಿತೇ? ಎಷ್ಟು ಗಂಟೆಗೆ, ಎಷ್ಟು ಡಿಗ್ರಿ ಎಂದು ಡಬ್ಬಿಯ ಮೇಲೆ ಬರೆದಿಡಿ. ಕಾಗದದ ಮಿತಿಯೊಳಗಿದ್ದರೆ ಬಳಸಬಹುದು. ಆದರೆ ಹುಮಿರಾದ ಹಾಗೆ 14 ದಿನದ ಲೆಕ್ಕ ಒಮ್ಮೆ ಶುರುವಾದರೆ, ಮತ್ತೆ ಫ್ರಿಜ್ಜಿಗಿಟ್ಟರೂ ಅದು ನಿಲ್ಲುವುದಿಲ್ಲ. ಮಿತಿ ಮೀರಿದ್ದರೆ ಡಾಕ್ಟರನ್ನು ಕೇಳದೆ ಚುಚ್ಚಿಕೊಳ್ಳಬೇಡಿ. ಜ್ವರ, ಕೆಮ್ಮು ಇದ್ದಾಗಲೂ ಅಷ್ಟೇ, ಮೊದಲು ಫೋನ್ ಮಾಡಿ, ಈ ಔಷಧಿ ಸೋಂಕು ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ಮನೆಯಲ್ಲಿ ಹಸುಗೂಸು ಬೇರೆ ಇರುತ್ತದೆ.

ಮಗಳ ಫ್ರಿಜ್ಜಿನಲ್ಲಿ ನಡುವಿನ ಅಂತಸ್ತಿನಲ್ಲಿಡಿ, ಹಿಂದಿನ ಗೋಡೆಗೆ ತಾಗಬಾರದು. ಬಾಗಿಲಿನಲ್ಲಿ ಬೇಡ. ಹಾಲಿನ ಪ್ಯಾಕೆಟಿಗೆ ಅದು ದಿನಕ್ಕೆ ಇಪ್ಪತ್ತು ಸಲ ತೆರೆಯುತ್ತದೆ. ಡಬ್ಬಿಯ ಮೇಲೆ 'ಫ್ರೀಜರಿನಲ್ಲಿ ಇಡಬೇಡಿ' ಎಂದು ದಪ್ಪ ಅಕ್ಷರದಲ್ಲಿ, ಹಿಂದಿಯಲ್ಲೂ ಬರೆದು ಅಂಟಿಸಿ. ಕೆಲಸಕ್ಕೆ ಬರುವವರು ಫ್ರಿಜ್ ಒರೆಸುವಾಗ ಎಲ್ಲಿಗಾದರೂ ಎತ್ತಿಟ್ಟಾರು.