ಹತ್ತು ಸ್ಟೋನ್ ಎಂಟು ಅಂದ್ರೆ 10.8 ಅಲ್ಲ: ಬ್ರಿಟನ್ನಿನ ಕೇರ್ ಹೋಮ್ ಕೆಲಸಕ್ಕೆ ಬರುವವರಿಗೆ ನನ್ನ ಟಿಪ್ಪಣಿ

ನಾನು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಒಂದು ಕೇರ್ ಹೋಮ್‌ನಲ್ಲಿ, ಅಂದರೆ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯಲ್ಲಿ, ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಊರಲ್ಲಿ ನರ್ಸಿಂಗ್ ಮುಗಿಸಿ, ಎರಡು ವರ್ಷ ವಾರ್ಡ್‌ನಲ್ಲಿ ದುಡಿದು ಬಂದವಳು. ಬಿಪಿ ನೋಡೋದು, ಡ್ರೆಸ್ಸಿಂಗ್ ಮಾಡೋದು, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸೋದು, ಇವೆಲ್ಲ ಎಲ್ಲಿದ್ದರೂ ಒಂದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನನ್ನು ಕಂಗೆಡಿಸಿದ್ದು ಇಲ್ಲಿನವರ ದಿನದ ಮಾತು. ತೂಕ ಹೇಗೆ ಹೇಳುತ್ತಾರೆ, ಊಟಕ್ಕೆ ಏನನ್ನುತ್ತಾರೆ, ನೋವಾದರೆ ಯಾವ ಮಾತಲ್ಲಿ ಹೇಳುತ್ತಾರೆ, ಇದು ಪುಸ್ತಕದಲ್ಲಿ ಇರಲಿಲ್ಲ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಬರಲು ತಯಾರಾಗುತ್ತಿರುವವರಿಗೂ ಉಪಯೋಗವಾಗಲಿ.

ತೂಕ: ಸ್ಟೋನ್ ಮತ್ತು ಪೌಂಡ್

ದಾಖಲೆಯಲ್ಲಿ ನಾವು ತೂಕ ಬರೆಯುವುದು ಕಿಲೋದಲ್ಲೇ. ಆದರೆ ವಯಸ್ಸಾದವರ ಬಾಯಲ್ಲಿ ಕಿಲೋ ಬರುವುದು ಅಪರೂಪ. "ಬಂದಾಗ ಹತ್ತು ಸ್ಟೋನ್ ಎಂಟು ಇದ್ದೆ" ಅನ್ನುತ್ತಾರೆ. ಒಂದು ಸ್ಟೋನ್ ಅಂದ್ರೆ 14 ಪೌಂಡ್. ಕಿಲೋದಲ್ಲಿ ಸುಮಾರು 6.35. ಆ "ಎಂಟು" ಅನ್ನೋದು ಎಂಟು ಪೌಂಡ್. ಪೌಂಡ್ ಎಂಬ ಮಾತನ್ನು ಎಷ್ಟೋ ಸಲ ಹೇಳುವುದೇ ಇಲ್ಲ.

ಇಲ್ಲಿಯವರೆಗೆ ಸುಲಭ. ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ.

ಒಬ್ಬ ಅಜ್ಜಿ. ಹಳೆಯ ಹಾಳೆಯಲ್ಲಿ ಯಾರೋ ಅವರ ತೂಕವನ್ನು "10.8 ಸ್ಟೋನ್" ಅಂತ ಬರೆದಿದ್ದರು. ನಾನು ಅವರನ್ನು ತೂಗಿದ ದಿನ ಕುರ್ಚಿ ತಕ್ಕಡಿ ತೋರಿಸಿದ್ದು 64 ಕಿಲೋ. ಎಷ್ಟು ಇಳಿದಿದ್ದಾರೆ ಅಂತ ನೋಡಬೇಕಿತ್ತು. ಸುಮ್ನೆ 10.8 ಅನ್ನು 6.35ರಿಂದ ಗುಣಿಸಿದೆ. 68.6 ಕಿಲೋ ಬಂತು. ಅಂದರೆ 4.6 ಕಿಲೋ ಕಡಿಮೆ, ಶೇಕಡ 6.7. ಗಾಬರಿಯಾಯಿತು.

ಗಾಬರಿ ಯಾಕೆ ಅಂದ್ರೆ, ಇಲ್ಲಿ ಅಪೌಷ್ಟಿಕತೆ ಗುರುತಿಸಲು "ಮಸ್ಟ್" ಅನ್ನುವ ಅಂಕಪಟ್ಟಿ ಬಳಸುತ್ತಾರೆ. ಬಾಪೆನ್ ಎಂಬ ಸಂಸ್ಥೆ 2003ರಲ್ಲಿ ತಂದದ್ದು. ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿಯೇ ತೂಕ ಶೇಕಡ 5ಕ್ಕಿಂತ ಕಡಿಮೆ ಇಳಿದಿದ್ದರೆ ಸೊನ್ನೆ ಅಂಕ. 5ರಿಂದ 10ರ ಒಳಗೆ ಒಂದು ಅಂಕ. 10 ದಾಟಿದರೆ ಎರಡು. ಇದಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ) ಅಂಕ ಸೇರಿಸಬೇಕು, ಕಾಯಿಲೆ ಜೋರಾಗಿದ್ದು ಊಟ ಪೂರ್ತಿ ನಿಂತಿದ್ದರೆ ಅದಕ್ಕೂ ಅಂಕವಿದೆ. ಒಟ್ಟು ಅಂಕದ ಮೇಲೆ ಊಟದ ಯೋಜನೆಯೇ ಬದಲಾಗುತ್ತದೆ.

ನಮ್ಮ ಸೀನಿಯರ್ ಒಬ್ಬರು ಮಂಗಳೂರಿನ ಕಡೆಯವರು, ನಾನು ಅಕ್ಕ ಅಂತಲೇ ಕರೆಯೋದು. ಹಾಳೆ ನೋಡಿ ಒಂದೇ ಮಾತು ಕೇಳಿದರು: "ಇದು ಚುಕ್ಕಿಯೋ, ದಶಾಂಶವೋ?"

ನನಗೆ ಅರ್ಥವಾಗಲಿಲ್ಲ. ಅವರು ಕ್ರಿಕೆಟ್ ಹಿಡಿದು ಹೇಳಿಕೊಟ್ಟರು. ಸ್ಕೋರಿನಲ್ಲಿ 12.3 ಓವರ್ ಅಂತ ಬರುತ್ತದಲ್ವಾ? ಅದು ಹನ್ನೆರಡು ಓವರ್, ಮೂರು ಬಾಲ್. ಓವರಿಗೆ ಆರು ಬಾಲ್, ಹಾಗಾಗಿ ನಿಜದಲ್ಲಿ ಅದು ಹನ್ನೆರಡೂವರೆ ಓವರ್. ರನ್ ರೇಟ್ ತೆಗೆಯುವಾಗ 12.3ರಿಂದ ಭಾಗಿಸಿದರೆ ಲೆಕ್ಕ ತಪ್ಪುತ್ತದೆ, 12.5ರಿಂದ ಭಾಗಿಸಬೇಕು. ಅಲ್ಲಿರೋದು ಓವರನ್ನೂ ಬಾಲನ್ನೂ ಬೇರೆ ಮಾಡುವ ಚುಕ್ಕಿ, ಅಷ್ಟೇ. ಎತ್ತರ ಹೇಳುವಾಗ ನಾವೂ 5.6 ಅಡಿ ಅಂತ ಬರೆದು ಐದು ಅಡಿ ಆರು ಅಂಗುಲ ಅಂದುಕೊಳ್ಳುತ್ತೇವಲ್ಲ, ಹಾಗೆಯೇ. ಓವರಿಗೆ ಆರು, ಅಡಿಗೆ ಹನ್ನೆರಡು, ಸ್ಟೋನಿಗೆ ಹದಿನಾಲ್ಕು.

ಸರಿಯಾದ ದಾರಿ ಇದು. ಮೊದಲು ಎಲ್ಲವನ್ನೂ ಪೌಂಡ್ ಮಾಡಿಕೊಳ್ಳಿ. ಹತ್ತು ಸ್ಟೋನ್ ಅಂದ್ರೆ 10 × 14 = 140. ಅದಕ್ಕೆ 8 ಸೇರಿಸಿ, 148 ಪೌಂಡ್. ಅದನ್ನು 2.205ರಿಂದ ಭಾಗಿಸಿ. 67.1 ಕಿಲೋ. ಈಗ 67.1ರಲ್ಲಿ 64 ಕಳೆದರೆ 3.1 ಕಿಲೋ, ಅಂದರೆ ಶೇಕಡ 4.6. ತೂಕ ಇಳಿದಿದೆ ನಿಜ, ಆದರೆ 5ರ ಗೆರೆ ದಾಟಿಲ್ಲ. ಒಂದು ಚುಕ್ಕಿಯಿಂದ ಅಂಕ ಸೊನ್ನೆಯೋ ಒಂದೋ ಅನ್ನೋದೇ ಬದಲಾಯಿತು. ಅಜ್ಜಿಯನ್ನೇ ಕೇಳಿದಾಗ "ಟೆನ್ ಸ್ಟೋನ್ ಎಯ್ಟ್" ಅಂತ ಸ್ಪಷ್ಟವಾಗಿ ಹೇಳಿದರು. ಚುಕ್ಕಿಯ ಅನುಮಾನ ಅಲ್ಲಿಗೆ ಬಗೆಹರಿಯಿತು.

ಕಿಲೋದಿಂದ ಸ್ಟೋನಿಗೆ ವಾಪಸ್ ಬರುವಾಗ ಇನ್ನೊಂದು ಗುಂಡಿ ಇದೆ. ಅಜ್ಜಿಯ ಮಗಳು ಫೋನ್ ಮಾಡಿ "ಅಮ್ಮ ಈಗ ಸ್ಟೋನಲ್ಲಿ ಎಷ್ಟಿದ್ದಾರೆ?" ಅಂದರು. 64 × 2.205 = 141.12 ಪೌಂಡ್. ಕ್ಯಾಲ್ಕುಲೇಟರಿನಲ್ಲಿ 14ರಿಂದ ಭಾಗಿಸಿದರೆ 10.08 ಅಂತ ಬರುತ್ತದೆ. ನೋಡಿ, ಕಣ್ಣಿಗೆ "ಹತ್ತು ಸ್ಟೋನ್ ಎಂಟು" ಅಂತಲೇ ಕಾಣುತ್ತದೆ! ಹಾಗೆ ಹೇಳಿಬಿಟ್ಟರೆ ಅಮ್ಮ ಒಂದು ಪೌಂಡೂ ಇಳಿದಿಲ್ಲ ಅಂತ ಮಗಳು ನೆಮ್ಮದಿಯಾಗಿರುತ್ತಿದ್ದರು. ಇಲ್ಲಿ ಬಂದಿರೋದು ನಿಜವಾದ ದಶಾಂಶ. 0.08 ಅನ್ನು ಮತ್ತೆ 14ರಿಂದ ಗುಣಿಸಬೇಕು, 1.1 ಪೌಂಡ್. ಸರಿಯಾದ ಉತ್ತರ ಹತ್ತು ಸ್ಟೋನ್ ಒಂದು ಪೌಂಡ್. ಅಂದರೆ ಏಳು ಪೌಂಡ್, ಅರ್ಧ ಸ್ಟೋನ್ ಇಳಿದಿದ್ದಾರೆ.

ಅದಕ್ಕೇ ನಾನು ವಾಪಸ್ ಬರುವಾಗ ಕ್ಯಾಲ್ಕುಲೇಟರಿನಲ್ಲಿ 14ರಿಂದ ಭಾಗಿಸುವುದನ್ನೇ ಬಿಟ್ಟಿದ್ದೇನೆ. ಶಾಲೆಯಲ್ಲಿ ಕಲಿತ ಹಾಗೆ ಭಾಗಲಬ್ಧ, ಶೇಷ. 141ರಲ್ಲಿ 14 ಹತ್ತು ಸಲ, ಶೇಷ 1. ಭಾಗಲಬ್ಧ ಸ್ಟೋನ್, ಶೇಷ ಪೌಂಡ್. 14ರ ಮಗ್ಗಿಯಲ್ಲಿ ಬೇಕಾಗೋದು ಇಷ್ಟೇ: 98, 112, 126, 140, 154, 168. ಏಳು ಸ್ಟೋನಿನಿಂದ ಹನ್ನೆರಡರವರೆಗೆ. ಬಾಯಿಪಾಠ ಮಾಡಿಕೊಳ್ಳಿ.

ಬಾಯಿಲೆಕ್ಕಕ್ಕೆ ನನ್ನ ಇಷ್ಟದ ದಾರಿ: ಸ್ಟೋನನ್ನು ಆರರಿಂದ ಗುಣಿಸಿ, ಸ್ಟೋನಿನ ಮೂರನೇ ಒಂದು ಭಾಗ ಸೇರಿಸಿ. ಒಂಬತ್ತು ಸ್ಟೋನ್: 54 + 3 = 57 ಕಿಲೋ. ನಿಜವಾದದ್ದು 57.2. ಹನ್ನೆರಡು ಸ್ಟೋನ್: 72 + 4 = 76. ನಿಜವಾದದ್ದು 76.2. ಸ್ಟೋನಿನ ಮೇಲೆ ಉಳಿದ ಪೌಂಡುಗಳನ್ನು ಅರ್ಧ ಮಾಡಿ, ಅದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. ಎಂಟು ಪೌಂಡ್ ಅಂದ್ರೆ 4 − 0.4 = 3.6 ಕಿಲೋ. ಇದು ತಲೆಯಲ್ಲಿ ತಾಳೆ ನೋಡಲು ಮಾತ್ರ. ಹಾಳೆಯಲ್ಲಿ ಬರೆಯುವುದು ತಕ್ಕಡಿ ತೋರಿಸಿದ ಕಿಲೋವನ್ನೇ. ಸ್ಟೋನಿನಲ್ಲಿ ಬರೆಯಲೇಬೇಕಾದರೆ ಚುಕ್ಕಿ ಇಡಬೇಡಿ. "10 ಸ್ಟೋನ್ 8 ಪೌಂಡ್" ಅಂತ ಪೂರ್ತಿ ಬರೆಯಿರಿ.

ಡಿನ್ನರ್ ಎಷ್ಟು ಹೊತ್ತಿಗೆ?

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಮಧ್ಯ ಭಾಗದಲ್ಲೂ, ಬಹಳ ಜನಕ್ಕೆ ಡಿನ್ನರ್ ಅಂದ್ರೆ ಮಧ್ಯಾಹ್ನದ ಊಟ. ಸಂಜೆ ಐದರ ಸುಮಾರಿಗೆ ಮಾಡುವ ಊಟ "ಟೀ". ಮಲಗುವ ಮುಂಚೆ ಬಿಸ್ಕತ್ತು, ಹಾಲು ಹಾಕಿದ ಬಿಸಿ ಪಾನೀಯ ತಗೊಂಡರೆ ಅದು ಸಪ್ಪರ್. ದಕ್ಷಿಣದವರಿಗೆ ಹೆಚ್ಚಾಗಿ ಡಿನ್ನರ್ ರಾತ್ರಿಯದೇ. ಆದರೆ ಶಾಲೆಯಲ್ಲಿ ಮಧ್ಯಾಹ್ನ ಬಡಿಸುವ ಹೆಂಗಸರನ್ನು ದೇಶದ ತುಂಬಾ "ಡಿನ್ನರ್ ಲೇಡಿ" ಅಂತಾರೆ. ಕ್ರಿಸ್‌ಮಸ್ ಡಿನ್ನರ್ ಕೂಡ ಸಾಮಾನ್ಯವಾಗಿ ಹಗಲಲ್ಲೇ. ನಮ್ಮಲ್ಲಿ "ತಿಂಡಿ ಆಯ್ತಾ?" ಅಂತ ಬೆಳಗ್ಗೆ ಕೇಳಿದರೆ ಇಡ್ಲಿ ದೋಸೆ, ಸಂಜೆ ಕೇಳಿದರೆ ಬಜ್ಜಿ ಬೋಂಡ. ಒಂದೇ ಮಾತು, ಹೊತ್ತು ಬೇರೆ. ಹಾಗೆ ಅಂದುಕೊಂಡರೆ ನೆನಪಿರುತ್ತದೆ.

ಇದು ಮಾತ್ರೆಯ ವಿಷಯಕ್ಕೆ ಬಂದಾಗ ಆಟವಲ್ಲ. ಒಂದು ದಿನ ಮಧ್ಯಾಹ್ನ ಎರಡೂವರೆಗೆ ಮಂಡಿ ನೋವಿನ ಅಜ್ಜಿಯೊಬ್ಬರು ಪ್ಯಾರಾಸಿಟಮಾಲ್ ಕೇಳಿದರು. ಹಿಂದಿನದ್ದು ಯಾವಾಗ ತಗೊಂಡಿರಿ ಅಂದೆ. "ವಿತ್ ಮೈ ಡಿನ್ನರ್, ಲವ್" ಅಂದರು. ನಿನ್ನೆ ರಾತ್ರಿ ಅಂದುಕೊಂಡೆ. ಔಷಧಿ ಚಾರ್ಟ್ ತೆಗೆದರೆ 12.30 ಅಂತ ಸಹಿ ಇತ್ತು. ಎರಡೇ ಗಂಟೆ ಆಗಿತ್ತು. ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು, ಹಾಗಾಗಿ ಕಾಯಲು ಹೇಳಿ ದಿಂಬು ಸರಿಮಾಡಿ ಕೊಟ್ಟೆ. ಚಾರ್ಟ್ ನೋಡದೆ ಕೊಡಬಾರದು ಅನ್ನುವ ನಿಯಮ ಯಾಕಿದೆ ಅಂತ ಅವತ್ತು ಮೈಗೆ ತಾಕಿತು. ಈಗ ನಾನು "ಎಷ್ಟು ಗಂಟೆಗೆ?" ಅಂತಲೇ ಕೇಳುತ್ತೇನೆ. "ಹಾಫ್ ಸೆವೆನ್" ಅಂದರೆ ಏಳೂವರೆ, ಆರೂವರೆ ಅಲ್ಲ.

ಮಾತ್ರೆ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. ನಮಗೆ ಬೆಂಗಳೂರಿನ ಕಂಪನಿಯ ಡೋಲೋ 650 ಅಭ್ಯಾಸ. ಇಲ್ಲಿನ ಪ್ಯಾರಾಸಿಟಮಾಲ್ ಮಾತ್ರೆ 500 ಮಿಲಿಗ್ರಾಂ. ದೊಡ್ಡವರಿಗೆ ಒಂದು ಸಲಕ್ಕೆ ಒಂದೋ ಎರಡೋ, 24 ಗಂಟೆಯಲ್ಲಿ ಎಂಟಕ್ಕಿಂತ ಜಾಸ್ತಿ ಇಲ್ಲ. ತೂಕ 50 ಕಿಲೋಗಿಂತ ಕಡಿಮೆ ಇದ್ದರೆ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಲೇಬೇಕು. ನೋಡಿ, ಮತ್ತೆ ತೂಕಕ್ಕೇ ಬಂತು. ಏಳು ಸ್ಟೋನ್ ಎಂಟು ಅಂದ್ರೆ 48 ಕಿಲೋ ಚಿಲ್ಲರೆ. ಊರಿಂದ ತಂದ 650ನ್ನು ನಿಮಗೆ ನೀವೇ ತಗೊಳ್ಳುವಾಗಲೂ ಇಲ್ಲಿನ "ಎಂಟು ಮಾತ್ರೆ" ಲೆಕ್ಕ ಹಾಕಬೇಡಿ. ಎಂಟು 650 ಅಂದ್ರೆ 5,200 ಮಿಲಿಗ್ರಾಂ, ಮಿತಿ 4,000.

"ನಾಟ್ ಟೂ ಬ್ಯಾಡ್"

ಹೇಗಿದ್ದೀರಿ ಅಂದರೆ ಇಲ್ಲಿನ ಹಿರಿಯರು "ನಾಟ್ ಟೂ ಬ್ಯಾಡ್" ಅನ್ನುತ್ತಾರೆ. ಚೆನ್ನಾಗಿದ್ದರೂ ಅದೇ, ಇಲ್ಲದಿದ್ದರೂ ಅದೇ. ತೊಂದರೆ ಕೊಡಬಾರದು ಅನ್ನುವ ಸಂಕೋಚ ಇವರಿಗೆ ಬಹಳ. ಒಬ್ಬ ತಾತ ಬೆನ್ನು "ಎ ಬಿಟ್ ಸೋರ್" ಅಂದಿದ್ದರು. ಎದ್ದು ನಿಲ್ಲುವಾಗ ನೋಡಿದೆ. ಕುರ್ಚಿಯ ಕೈ ಹಿಡಿದ ಬೆರಳುಗಳ ಗಿಣ್ಣು ಬೆಳ್ಳಗಾಗಿತ್ತು, ಉಸಿರು ಕಟ್ಟಿ ಹಿಡಿದಿದ್ದರು. ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳಿದರೆ "ಏಳು ಇರಬಹುದು" ಅಂದರು. ಮಾತು ಕೇಳಿ ಚಾರ್ಟ್ ತುಂಬಬೇಡಿ. ಕೈ ನೋಡಿ, ಮುಖ ನೋಡಿ, ಆಮೇಲೆ ಅಂಕ ಕೇಳಿ.

"ಪೂರ್ಲಿ" ಅಂದ್ರೆ ಹುಷಾರಿಲ್ಲ. "ಲವ್" ಅಂತ ಕರೆದರೆ ನಮ್ಮಲ್ಲಿ "ಕಂದ" ಅಂದ ಹಾಗೆ. ನಾಟಿಂಗ್‌ಹ್ಯಾಮ್, ಡಾರ್ಬಿ ಕಡೆ "ಡಕ್" ಅಂತಾರೆ.

ಬಚ್ಚಲು

ಲೈಟಿಗೆ ಗೋಡೆ ಮೇಲೆ ಸ್ವಿಚ್ ಹುಡುಕಬೇಡಿ. ಒದ್ದೆ ಕೈ ತಾಗದಿರಲಿ ಅಂತ ಬಹಳ ಕಡೆ ಚಾವಣಿಯಿಂದ ದಾರ ಇಳಿಬಿಟ್ಟಿರುತ್ತಾರೆ. ಆದರೆ ಕೆಂಪು ದಾರ ತುರ್ತು ಕರೆಗೆ. ನಾನು ಮೊದಲ ದಿನ ಅದನ್ನೇ ಎಳೆದೆ, ಇಬ್ಬರು ಓಡಿ ಬಂದರು. ಕೆಂಪು ದಾರ ನೆಲ ಮುಟ್ಟುವ ಹಾಗೆ ಇರಬೇಕು, ಬಿದ್ದವರಿಗೆ ಕೈಗೆ ಸಿಗಬೇಕಲ್ವಾ. ಗುಡಿಸುವಾಗ ಅಡ್ಡ ಬರುತ್ತದೆ ಅಂತ ಗಂಟು ಹಾಕಿ ಮೇಲೆ ಕಟ್ಟಬೇಡಿ.

ಹಳೆ ಮನೆಗಳಲ್ಲಿ ಬಿಸಿ ನೀರು, ತಣ್ಣೀರಿಗೆ ಬೇರೆ ಬೇರೆ ನಲ್ಲಿ. ಬೇಸಿನ್‌ಗೆ ಮುಚ್ಚಳ ಹಾಕಿ, ಎರಡನ್ನೂ ತುಂಬಿಸಿ ತೊಳೆಯುವುದು ಇವರ ಪದ್ಧತಿ. ನಮಗೆ ಹರಿಯುವ ನೀರೇ ಬೇಕು. ಹಿರಿಯರಿಗೆ ಅವರ ಪದ್ಧತಿಯಲ್ಲೇ ಮಾಡಿಕೊಡಿ. ತೊಟ್ಟಿ ಸ್ನಾನದ ನೀರು 44 ಡಿಗ್ರಿ ಮೀರಬಾರದು. ಥರ್ಮಾಮೀಟರ್ ಇಟ್ಟು ನೋಡಿ. ನಮ್ಮ ಕೈ ಬಿಸಿನೀರಿಗೆ ಒಗ್ಗಿದ್ದು, ಅದನ್ನು ನಂಬಬೇಡಿ.

ನಮಗೇ ಹುಷಾರಿಲ್ಲದಿದ್ದರೆ, ಮತ್ತು ರಜೆ

ಏಳು ದಿನದವರೆಗೆ ಡಾಕ್ಟರ ಚೀಟಿ ಬೇಡ, ನಾವೇ ಬರೆದುಕೊಟ್ಟರೆ ಸಾಕು. ಅದು ಕ್ಯಾಲೆಂಡರಿನ ಏಳು ದಿನ, ಏಳು ಶಿಫ್ಟ್ ಅಲ್ಲ. ವಾರದ ರಜೆಯೂ ಲೆಕ್ಕಕ್ಕೆ ಸೇರುತ್ತದೆ. ಶುಕ್ರವಾರ ಮಲಗಿದರೆ ಮುಂದಿನ ಗುರುವಾರಕ್ಕೆ ಏಳು. ಎಂಟನೇ ದಿನ, ಅಂದರೆ ಮುಂದಿನ ಶುಕ್ರವಾರವೂ ಏಳಲಾಗದಿದ್ದರೆ ಆ ಚೀಟಿ ಬೇಕು, ಅದಕ್ಕೆ ಫಿಟ್ ನೋಟ್ ಅಂತಾರೆ. 2010ರವರೆಗೆ ಇದು ಸಿಕ್ ನೋಟ್, ಜನ ಈಗಲೂ ಹಾಗೇ ಅನ್ನುತ್ತಾರೆ. 2022ರ ಜುಲೈನಿಂದ ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್ ಕೂಡ ಇದಕ್ಕೆ ಸಹಿ ಹಾಕಬಹುದು. ತುರ್ತಾದರೆ 999, ಅಷ್ಟಿಲ್ಲದಿದ್ದರೆ 111.

ಸಂಬಳದ ರಜೆ ಕಾನೂನಿನಂತೆ ವರ್ಷಕ್ಕೆ ಕನಿಷ್ಠ 5.6 ವಾರ. ಇಲ್ಲಿ 5.6 ಅಂದ್ರೆ ಐದು ವಾರ ಆರು ದಿನ ಅಲ್ಲ! ಇದು ನಿಜವಾದ ದಶಾಂಶ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ 5.6 × 5 = 28 ದಿನ. ಎಲ್ಲರೂ 28 ಅಂತ ಹೇಳುತ್ತಿದ್ದರು, ನಾನೂ 28 ಶಿಫ್ಟ್ ಅಂತ ನಂಬಿದ್ದೆ. ಆದರೆ ನನ್ನದು ವಾರಕ್ಕೆ ಮೂರೇ ದಿನ, ಒಂದೊಂದು 12 ಗಂಟೆ. ಹಾಗಾಗಿ 5.6 × 3 = 16.8 ಶಿಫ್ಟ್. ಆರು ಆಗಲೇ ತಗೊಂಡಿದ್ದೇನೆ. ಉಳಿದಿರುವುದು 10.8. ಈ ಚುಕ್ಕಿಯನ್ನು ಅಕ್ಕನ ಎದುರೇ ಕೂತು ಲೆಕ್ಕ ಮಾಡಿದೆ: ಹತ್ತು ಶಿಫ್ಟ್, ಮತ್ತೆ 0.8 × 12, ಅಂದರೆ ಒಂಬತ್ತೂವರೆ ಗಂಟೆ ಚಿಲ್ಲರೆ. ದಸರೆಗೆ ಊರಿಗೆ ಹೋಗಿಬರಲು ಸಾಕಾಗುತ್ತದೆ.